ನಾರ್ಮಲ್ ಕಾಕಾ

"ಇನ್ನ ನೀರ ಹಾಕಬ್ಯಾಡ್ರಿ. ತೆಳ್ಳಗಾತಂದ್ರ ಹಣೀಮ್ಯಾಲೆ ನಿಲ್ಲಂಗಿಲ್ಲ," ಎಂದರು ಅಂತ್ಯಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು.

ಸ್ಟೀಲ್ ಬಟ್ಟಲಿನಲ್ಲಿ ವಿಭೂತಿ ಕಲಸುತ್ತಿದ್ದ ಇಂದೂ ಕೈ ಹಿಂದಕ್ಕೆ ತೆಗೆದಳು. ಹನಿ ಲೆಕ್ಕದಲ್ಲಿ ಔಷಧ ಬೆರೆಸಿ ಡಾಕ್ಟರೇಟ್ ಪಡೆದವಳು ಅವಳು. ಇವತ್ತು ಒಂದು ಬಟ್ಟಲು ವಿಭೂತಿಯ ಹದ ಕೈಗೆ ಸಿಗಲಿಲ್ಲ.

ಮಾರ್ಕೆಟ್ ಯಾರ್ಡಿನ ಹಿಂದಿನ ಎರಡು ಖೋಲಿಯ ಮನೆ. ಗೋಡೆಗೆ ಒರಗಿಸಿ, ಲಿಂಗಾಯತರ ಪದ್ಧತಿಯಂತೆ ಚಕ್ಕಳಮಕ್ಕಳ ಹಾಕಿಸಿ ಸಿದ್ದಲಿಂಗಪ್ಪನನ್ನು ಕುಳ್ಳಿರಿಸಿದ್ದರು. ಐವತ್ತೆಂಟು ವರ್ಷದ ಮನುಷ್ಯ. ಅದರಲ್ಲಿ ಇಪ್ಪತ್ತೆಂಟು ವರ್ಷ ಪುಣೆಯ ಒಂದೇ ಲ್ಯಾಬಿನಲ್ಲಿ ಅಟೆಂಡರ್. ಮೂತ್ರಕೋಶದ ಕ್ಯಾನ್ಸರ್ ಹೇಗೆ ಬೆಳೆಯುತ್ತದೆ ಎಂದು ಆ ಲ್ಯಾಬಿನವರು ಪ್ರಬಂಧದ ಮೇಲೆ ಪ್ರಬಂಧ ಬರೆದರು, ಇವನು ಅವರ ಗಾಜಿನ ಸಾಮಾನು ತೊಳೆದ. ಕೊನೆಗೆ ಅದೇ ಕ್ಯಾನ್ಸರ್ ಅವನನ್ನು ಹುಡುಕಿಕೊಂಡು ಬಂತು.

"ಆರು ತಿಂಗಳಾ!" ಎಂದ ಮುರುಗೆಪ್ಪ ಬಾಗಿಲಲ್ಲಿ ನಿಂತು. ಸತ್ತವನ ತಮ್ಮ. ಬಿಜಾಪುರ ಜಿಲ್ಲೆಯ ಇಂಡಿಯಿಂದ ಬಸ್ಸು ಹಿಡಿದು ಬೆಳಿಗ್ಗೆ ಪುಣೆಯಲ್ಲಿ ಇಳಿದಿದ್ದ. "ಆರು ತಿಂಗಳಾ ಮೂತ್ರದಾಗ ರಕ್ತ ಹೋಗೂದು ನೋಡಿಕೋತ ಜೀರಗಿ ನೀರು ಕುಡಿಸ್ಯಾಳ ನಮ್ಮ ವೈನಿ. ಉಷ್ಣ ಆಗೇದಂತ! ಆವಾಗ ದವಾಖಾನಿಗೆ ಒಯ್ದಿದ್ರ ನಮ್ಮಣ್ಣ ಇವತ್ತ ತಿರಗ್ಯಾಡಿಕೋತ ಇರತಿದ್ದ."

ಗಂಡನ ಮಗ್ಗುಲಲ್ಲಿ ಕೂತಿದ್ದ ಶಿವಗಂಗವ್ವ ತಲೆ ಎತ್ತಲಿಲ್ಲ. "ಹೌದಪಾ, ನಂದ ತಪ್ಪು," ಎಂದಳು. ಬೆಳಗಿನಿಂದ ಬಂದವರಿಗೆಲ್ಲ ಅದನ್ನೇ ಹೇಳಿದ್ದಳು. ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ.

ತಪ್ಪು ಯಾರದೆಂದು ಆ ಮನೆಯಲ್ಲಿ ಗೊತ್ತಿದ್ದವಳು ಇಂದೂ ಒಬ್ಬಳೇ. ಬಟ್ಟಲು ಕೆಳಗಿಟ್ಟಳು, ಬಾಯಿ ತೆರೆದಳು. ಅಷ್ಟರಲ್ಲಿ ಅಯ್ಯನವರು ವಿಭೂತಿಗೆ ಕೈ ಚಾಚಿದರು. ಅವಳು ಬಟ್ಟಲು ಎತ್ತಿ ಕೊಟ್ಟಳು.

*

ತೊಂಬತ್ತಾರರ ಜೂನ್‌ನಲ್ಲಿ ಅವಳು ಧಾರವಾಡದಿಂದ ಬಂದಾಗ ಲ್ಯಾಬಿನಲ್ಲೆಲ್ಲ ಮರಾಠಿ, ಇಲ್ಲವೆಂದರೆ ಇಂಗ್ಲಿಷು. ಮೂರನೆಯ ದಿನ ಒಂದು ಫ್ಲಾಸ್ಕ್ ಒಡೆದು, ಯಾರಿಗೂ ಕಾಣದಂತೆ ಚೂರು ಆರಿಸುತ್ತಿದ್ದಳು. ಬೆನ್ನ ಹಿಂದೆ ದನಿ ಬಂತು: "ಕೈ ಕೊಯ್ಕೊಂಡೀರಿ ಬಾಯಾರ, ಬಿಡ್ರಿ. ಪ್ರೊಫೆಸರ್ ಸಾಹೇಬ್ರು ತಾವ ಎಷ್ಟ ಒಡದಾರಂತ ನೋಡಿದ್ರ ನೀವು ಎದಿ ಒಡಕೋತೀರಿ." ಊರು ಬಿಟ್ಟ ಮೇಲೆ ಕೇಳಿದ ಮೊದಲ ಕನ್ನಡ. ಅವಳಿಗೆ ಅಳು ಬಂತು. ಅವನು ಅದನ್ನು ಕಾಣದವನಂತೆ ಪೊರಕೆ ತಂದ. ಅಂದಿನಿಂದ ಅವನು ಅವಳಿಗೆ ಕಾಕಾ ಆದ, ಅವನ ಹೆಂಡತಿ ಶಿವಗಂಗವ್ವ ಕಾಕೂ ಆದಳು. ಮಧ್ಯಾಹ್ನ ಅವನ ಡಬ್ಬಿಯ ಎರಡು ರೊಟ್ಟಿಯಲ್ಲಿ ಒಂದು ಅವಳದಾಯಿತು.

ದಿನಾ ಬೆಳಿಗ್ಗೆ ಆಸ್ಪತ್ರೆಗೆ ಸೈಕಲ್ ಮೇಲೆ ಹೋಗಿ, ರೋಗಿಗಳ ಮೂತ್ರದ ಟ್ಯೂಬುಗಳನ್ನು ಐಸು ತುಂಬಿದ ಥರ್ಮಾಸಿನಲ್ಲಿ ತರುವುದು ಅವನ ಕೆಲಸ. ಒಮ್ಮೆ ಕೇಳಿದ: "ಇದರಾಗ ಅಂಥಾದ್ದೇನ ಹುಡುಕತೀರಿ?"

ಇಂದೂ ಬಾಗಿಲ ಬಳಿಯ ಕರೆಗಂಟೆ ತೋರಿಸಿದಳು. "ಜೀವಕೋಶದಾಗೂ ಇಂಥಾದ್ದೊಂದು ಇರತದ ಕಾಕಾ. ಹೊರಗಿಂದ ಯಾರರ ಒತ್ತಿದ್ರ 'ಬೆಳಿ' ಅಂತ ಒಳಗ ಸುದ್ದಿ ಹೋಗತದ. ಕೈ ತಗದ್ರ ನಿಲ್ಲತದ. ಒಂದು ಜೀನು ಕೆಟ್ಟತಂದ್ರ ಗಂಟಿ ಒತ್ತಿದ್ದು ಒತ್ತಿದಂಗ ಸಿಕ್ಕೊಂಡ ಬಿಡತದ. ಯಾರೂ ಇರಂಗಿಲ್ಲ, ಗಂಟಿ ಬಾರಿಸ್ತನ ಇರತದ. ಕೋಶ ಬೆಳದಽ ಬೆಳೀತದ. ಆ ಕೋಶ ಉದುರಿ ಮೂತ್ರದಾಗ ಬರತಾವ. ಆ ಕೆಟ್ಟ ಜೀನು ಎಕ್ಸ್-ರೇ ಫಿಲ್ಮಿನ ಮ್ಯಾಲೆ ಒಂದು ಹೆಚ್ಚಿನ ಗೆರಿ ಆಗಿ ಕಾಣತದ."

"ಅಂದ್ರ ರೋಗಾ ಬರೂಕಿಂತ ಮೊದಲ ಕಾಣತದ?"

"ಕಾಣಬೇಕು. ಅದಕ್ಕ ಈ ಹೆಣಗಾಟ."

ರೋಗಿಗಳ ಮಾದರಿಯ ಪಕ್ಕದಲ್ಲಿ ಆರೋಗ್ಯವಂತನ ಮಾದರಿಯೂ ಇರಬೇಕು, ಲ್ಯಾಬಿನವರು ಅದಕ್ಕೆ 'ನಾರ್ಮಲ್' ಎನ್ನುತ್ತಾರೆ. ಅಲ್ಲಿ ಆ ಗೆರೆ ಬರಬಾರದು. ಬಂದರೆ ಎಲ್ಲೋ ಕಲಬೆರಕೆಯಾಗಿದೆ, ಪ್ರಯೋಗ ಕೆಟ್ಟಿತು ಎಂದು ಲೆಕ್ಕ. ಆ ಆರೋಗ್ಯವಂತ ಸಿದ್ದಲಿಂಗಪ್ಪನೇ. ಪ್ರತಿ ಗುರುವಾರ ಚಹ ಕುಡಿದು ಟ್ಯೂಬು ತುಂಬಿ ತಂದು ಮೇಜಿನ ಮೇಲೆ ಇಡುತ್ತಿದ್ದ. "ತಗೋರಿ, ಖಾಸಾ ಬಿಜಾಪುರ ಜಿಲ್ಲಾದ ಮಾಲು!" ಲ್ಯಾಬಿನ ಹುಡುಗರು ಅವನಿಗೆ ನಾರ್ಮಲ್ ಕಾಕಾ ಎಂದೇ ಹೆಸರಿಟ್ಟರು. ಹಾಗೆ ಕರೆದಾಗ ಅವನ ಮೀಸೆ ಒಂದಿಂಚು ಮೇಲೇರುತ್ತಿತ್ತು. ಆ ದಿನಗಳು ಚೆನ್ನಾಗಿದ್ದವು. ಕರೆಂಟು ಹೋದರೆ ಫ್ರೀಜರಿಗೆ ಗೋಣಿಚೀಲ ಹೊದಿಸಿ, ಅದರ ಮೇಲೆಯೇ ಕೂತು ಇಬ್ಬರೂ ಶೇಂಗಾ ತಿನ್ನುತ್ತಿದ್ದರು.

*

ತೊಂಬತ್ತೊಂಬತ್ತರ ಆಗಸ್ಟ್. ಥೀಸಿಸ್ ಕೊಡಲು ಐದು ತಿಂಗಳಿತ್ತು. ಕತ್ತಲೆಕೋಣೆಯಲ್ಲಿ ಫಿಲ್ಮ್ ಎತ್ತಿ ಹಿಡಿದಾಗ ನಾರ್ಮಲ್ ಕಾಕಾನ ಸಾಲಿನಲ್ಲಿ ಆ ಗೆರೆ ಕಂಡಿತು. ತೆಳುವಾಗಿತ್ತು, ಆದರೆ ಇತ್ತು.

ಇಂದೂ ತಲೆಯ ಮೇಲೆ ಕೈ ಹೊತ್ತಳು. ಕಲಬೆರಕೆ! ಪಿಪೆಟ್ಟು ತೊಳೆದಳು, ಮೇಜು ಉಜ್ಜಿದಳು, ರಾಸಾಯನಿಕವೆಲ್ಲ ಚೆಲ್ಲಿ ಹೊಸತು ತರಿಸಿದಳು. ಮುಂದಿನ ಗುರುವಾರ ಮತ್ತೆ ಬಂತು. ಅದರ ಮುಂದಿನ ಗುರುವಾರವೂ. ರೋಸಿಹೋಗಿ ತನ್ನದೇ ಮಾದರಿ ಹಾಕಿ ನೋಡಿದಳು. ಗೆರೆ ಇಲ್ಲ. ಅವಳು ಖುಷಿಯಿಂದ ಕೂಗಿಯೇಬಿಟ್ಟಳು. ಕಾಕಾನ ಹಳೆಯ ಟ್ಯೂಬುಗಳಿಗೇ ಏನೋ ತಗಲಿದೆ ಎಂದುಕೊಂಡು ಎಲ್ಲವನ್ನೂ ಫಿಲ್ಮುಗಳ ಸಮೇತ ಕಸಕ್ಕೆ ಹಾಕಿದಳು. ಆಚೆ ವಾರದಿಂದ ನಾರ್ಮಲ್ ಅವಳೇ ಆದಳು.

"ಅಂದ್ರ ನನ್ನ ನೌಕರಿ ಹೋತಲ್ರಿ?" ಎಂದು ನಕ್ಕಿದ್ದ ಅವನು. ಖಾಲಿ ಟ್ಯೂಬು ಇನ್ನೂ ಕೈಯಲ್ಲೇ ಇತ್ತು.

ಆ ಗೆರೆ ನಿಜವಿರಬಹುದು, ಈ ಮನುಷ್ಯನದೇ ಇರಬಹುದು ಎಂಬ ಯೋಚನೆ ಅವಳ ತಲೆಯ ಹತ್ತಿರವೂ ಸುಳಿಯಲಿಲ್ಲ. ನಾರ್ಮಲ್ ಎಂದು ಹೆಸರಿಟ್ಟ ಮೇಲೆ ಮುಗಿಯಿತಲ್ಲ. ಹದಿನಾಲ್ಕು ತಿಂಗಳ ಮೇಲೆ ಅವನಿಗೆ ರಕ್ತ ಹೋಗತೊಡಗಿತು. ಇನ್ನಾರು ತಿಂಗಳಿಗೆ ಆಸ್ಪತ್ರೆ. ಸುದ್ದಿ ಕೇಳಿದ ದಿನ ಅವಳು ಹಳೆಯ ನೋಟ್‌ಬುಕ್ ತೆಗೆದು, 'ಕಲಬೆರಕೆ, ಬಿಸಾಡಿದೆ' ಎಂದು ತಾನೇ ಬರೆದ ಮೂರು ಗುರುವಾರಗಳನ್ನು ನೋಡಿದಳು. ಎರಡು ವರ್ಷ ಆಸ್ಪತ್ರೆಗೆ ಎಡತಾಕಿದಳು. ಪ್ರತಿ ಸಲ ಹೇಳಬೇಕೆಂದೇ ಹೋಗುವಳು, ಪ್ರತಿ ಸಲ ಅವನು ಫ್ರೀಜರ್ ಹೇಗಿದೆ ಎಂದು ಕೇಳುವನು, ಅವಳು ಫ್ರೀಜರಿನ ಸುದ್ದಿ ಹೇಳಿ ಎದ್ದು ಬರುವಳು. ಹೇಡಿತನಕ್ಕೆ ನೆಪಗಳಿಗೇನು ಬರ.

*

ಪುಣೆಯ ಅಂಚಿನಲ್ಲಿ, ಕಾತ್ರಜದ ಕಡೆ ಲಿಂಗಾಯತ ಸಮಾಜದವರ ರುದ್ರಭೂಮಿ. ಟೆಂಪೋದಲ್ಲಿ ಶಿವಗಂಗವ್ವ ಇಂದೂಳ ಪಕ್ಕದಲ್ಲೇ ಕೂತಳು.

"ನೀ ಕಲತಾಕಿ. ಒಂದ ಮಾತ ಹೇಳು. ನಾ ಜೀರಗಿ ನೀರ ಕುಡಿಸಿಕೋತ ಕೂಡಲಿಲ್ಲಂದ್ರ ಉಳೀತಿದ್ರೇನು?"

ಇಂದೂ ಕಿಟಕಿಯಾಚೆ ನೋಡಿದಳು. ಶಿವಗಂಗವ್ವ ಉತ್ತರ ಸಿಕ್ಕಿತೆಂಬಂತೆ ತಲೆಯಾಡಿಸಿದಳು.

ಕಾಕಾನನ್ನು ಗುಂಡಿಯೊಳಗೆ ಕುಳ್ಳಿರಿಸಿದರು. ಎಡಗೈಯಲ್ಲಿ ಇಷ್ಟಲಿಂಗ, ಕೊರಳವರೆಗೆ ಬಿಲ್ವಪತ್ರೆ. ಮಗ ಅಮರ ಒಳಗಿಳಿದು ತಂದೆಯ ಭುಜ ಸರಿಮಾಡಿ ಮೇಲೆ ಬಂದ. "ಮನಿಯವರು ಮಣ್ಣು ಕೊಡ್ರಿ," ಎಂದರು ಅಯ್ಯನವರು. ಶಿವಗಂಗವ್ವ ಮುಂದೆ ಹೆಜ್ಜೆ ಇಟ್ಟಳು.

"ಆಕೀ ಕೈಯಿಂದ ಮೊದಲ ಬ್ಯಾಡ," ಎಂದ ಮುರುಗೆಪ್ಪ. "ಕೊಟ್ಟದ್ದು ಸಾಕು ಆಕಿ."

ಶಿವಗಂಗವ್ವ ಇಟ್ಟ ಹೆಜ್ಜೆ ಹಿಂದೆ ತೆಗೆದಳು. ಅಷ್ಟು ಸುಲಭವಾಗಿ ತೆಗೆದುದನ್ನು ಕಂಡು ಇಂದೂ ಮುಂದೆ ಬಂದಳು.

"ತಪ್ಪು ಕಾಕೂದಲ್ಲ, ನಂದು," ಎಂದಳು. ದನಿ ತನ್ನದೇ ಅನ್ನಿಸಲಿಲ್ಲ. "ರಕ್ತ ಹೋಗೂಕಿಂತ ಒಂದ ವರ್ಷಕ್ಕೂ ಹೆಚ್ಚ ಮೊದಲ ಕಾಕಾನ ರೋಗ ನನ್ನ ಪರೀಕ್ಷಾದಾಗ ಬಂದಿತ್ತು. ಮೂರ ಸಲ ಬಂತು. ನಾನ ಎಲ್ಲೋ ತಪ್ಪ ಮಾಡೇನಿ ಅಂತ ಬಿಸಾಕಿದೆ. ಆವಾಗ ಸಣ್ಣ ಗಂಟು ಇರತಿತ್ತು, ಕೆತ್ತಿ ತಗದ ಬಿಡತಿದ್ರು. ಎರಡ ವರ್ಷ ಆತು ನನಗ ಗೊತ್ತಾಗಿ. ಯಾರಿಗೂ ಹೇಳಲಿಲ್ಲ."

ಮುರುಗೆಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಲ್ಯಾಬಿನಿಂದ ಬಂದಿದ್ದ ನಾಲ್ವರು ಕನ್ನಡ ಅರ್ಥವಾಗದೆ ಮುಖ ಮುಖ ನೋಡಿಕೊಂಡರು.

"ಅವರಿಗೂ ಹೇಳಲಿಲ್ಲ?" ಎಂದಳು ಶಿವಗಂಗವ್ವ.

"ಇಲ್ಲ ಕಾಕೂ."

"ನನಗರ ಹೇಳಬೇಕಿತ್ತು." ಅವಳು ತಲೆ ಎತ್ತಿ ಇಂದೂಳನ್ನು ನೋಡಿದಳು. "ನಾನ ಕೊಂದೆ ಅಂತ ತಿಳದು, ಎರಡ ವರ್ಷ ಅವರ ಮಾರಿ ನೆಟ್ಟಗ ನೋಡಲಿಲ್ಲವ್ವಾ ನಾ. ಗಂಜಿ ಕುಡಿಸೂ ಮುಂದ ಸೈತ ಗೋಡಿ ನೋಡತಿದ್ದೆ. ಅವರು 'ಯಾಕ, ನನ್ನ ಮ್ಯಾಲೆ ಸಿಟ್ಟೇನು' ಅಂತಿದ್ರು."

ಶಿವಗಂಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಗುಂಡಿಯ ಅಂಚಿಗೆ ಬಂದು ಮಂಡಿಯೂರಿದಳು. ಕೆಂಪು ಮಣ್ಣು ಕುಸಿದು ಎರಡು ಹೆಂಟೆ ಒಳಗೆ ಬಿದ್ದವು.

"ಗಟ್ಟ್ಯಾಗಿ ಹಿಡಕೋ ನನ್ನ," ಎಂದಳು, ಹಿಂದಿರುಗಿ ನೋಡದೆ.

ಇಂದೂ ಓಡಿ ಬಂದು ಎರಡೂ ಕೈಗಳಿಂದ ಅವಳ ಸೊಂಟ ಬಳಸಿ ಹಿಡಿದಳು. ಶಿವಗಂಗವ್ವ ಎದೆಯವರೆಗೆ ಗುಂಡಿಯೊಳಕ್ಕೆ ಬಾಗಿ, ಗಂಡನ ಹಣೆಯ ಮೇಲೆ ಬಿದ್ದಿದ್ದ ಎಲೆಯನ್ನು ಸರಿಸಿ, ಅವನ ಮುಖ ನೋಡತೊಡಗಿದಳು. ಸುತ್ತ ನಿಂತವರೆಲ್ಲ ಹಿಡಿಮಣ್ಣು ಹಿಡಿದುಕೊಂಡೇ ಕಾದರು. ಬಿಸಿಲಿಗೆ ಒಣಗಿ ಅದು ಬೆರಳ ಸಂದಿಯಿಂದ ಉದುರುತ್ತಿತ್ತು. ಅಯ್ಯನವರೂ ಮಂತ್ರ ನಿಲ್ಲಿಸಿದರು. ಅವಳು ಇನ್ನೂ ನೋಡುತ್ತಲೇ ಇದ್ದಳು.