ಕೂಳೆ ಉಳಿದ ಅರ್ಧ ಹೊಲ

ತಮ್ಮನಿಗೆ ಉಳುಮೆಯೆಂದರೆ ಹುಚ್ಚು. ಟ್ರ್ಯಾಕ್ಟರ್ ಹತ್ತಿ ನೇಗಿಲು ಇಳಿಸಿದನೆಂದರೆ ಊಟದ ನೆನಪೂ ಇರುತ್ತಿರಲಿಲ್ಲ. ಉತ್ತ ನೆಲದಲ್ಲಿ ಒಂದು ಮಣ್ಣಿನ ಹೆಂಟೆ ಕಂಡರೆ ಸಾಕು, ಮತ್ತೆ ಉಳುತ್ತಿದ್ದ. “ಇನ್ನು ಮಣ್ಣನ್ನ ಜರಡಿ ಹಿಡಿಯೋದೊಂದೇ ಬಾಕಿ” ಎಂದು ಅವನ ಹೆಂಡತಿ ನಗುತ್ತಿದ್ದಳು.

ಅಪ್ಪನ ಮಳೆಯಾಶ್ರಿತ ಹೊಲವನ್ನು ಅಕ್ಕ, ತಮ್ಮ ಅರ್ಧರ್ಧ ಹಂಚಿಕೊಂಡು ಸೇರಿಯೇ ಮಾಡುತ್ತಿದ್ದರು. ಆ ವರ್ಷ ಜೋಳ ಕೊಯ್ದ ಮೇಲೆ ಅಕ್ಕ ಟ್ರ್ಯಾಕ್ಟರಿಗೆ ಅಡ್ಡ ನಿಂತಳು.

“ನನ್ನರ್ಧಕ್ಕೆ ನೇಗಿಲು ತರಬೇಡ. ಕೊಯ್ದುಳಿದ ಕೂಳೆ, ಹುಲ್ಲು ಎಲ್ಲ ಹಾಗೇ ಇರಲಿ, ತೇವ ನಿಲ್ಲುತ್ತೆ. ಅದರ ನಡುವೇನೇ ಗೋಧಿ ಬಿತ್ತುತೀನಿ.”

“ಅಕ್ಕಾ, ಅದೇನು ಹೊಲವಾ, ಕ್ಷೌರ ಕಾಣದ ಮುಖವಾ?”

“ಗಡ್ಡ ಇದ್ರೂ ಮುಖ ಮುಖಾನೇ. ನಿನ್ನರ್ಧ ನುಣ್ಣಗೆ ಬೋಳಿಸ್ಕೋ ಹೋಗು.”

ಅವನು ಬೋಳಿಸಿದ. ಇಬ್ಬರೂ ಒಂದೇ ದಿನ ಬಿತ್ತಿದರು. ಮೊಳಕೆ ಮೇಲೇಳುವ ಮೊದಲೇ ಒಂದು ಜೋರು ಮಳೆ ಸುರಿದು, ಹಿಂದೆಯೇ ಬಿಸಿಲು ಬಿತ್ತು. ತಮ್ಮನ ಹಿಟ್ಟಿನಂಥ ಮಣ್ಣು ರೊಟ್ಟಿಯಂತೆ ಗಟ್ಟಿಯಾಯಿತು. ಮೊಳಕೆಗಳು ಅಡಿಯಲ್ಲೇ ತಲೆ ಬಗ್ಗಿಸಿ ಕುಳಿತವು. ಅಕ್ಕನ ಕಡೆ ಹುಲ್ಲಿನ ಸಂದಿಯಿಂದ ಹಸಿರು ಗೆರೆ ಎದ್ದಿತ್ತು.

ಅಕ್ಕ ನಗುತ್ತಾಳೆಂದು ತಮ್ಮ ಮುಖ ತಪ್ಪಿಸಿ ಓಡಾಡಿದ. ಅವಳು ನಕ್ಕದ್ದೂ ಹೌದು. ಆದರೆ ಬೆಳಗಾಗುತ್ತಲೇ ಕೈಗುದ್ದಲಿ ಹಿಡಿದು ಬಂದು ಅವನ ಸಾಲಿನಲ್ಲಿ ಕುಳಿತು ಮಣ್ಣಿನ ಪದರ ಒಡೆಯತೊಡಗಿದಳು. ಅವನ ಹೆಂಡತಿಯೂ ಬಂದಳು. ಮೂವರೂ ಸೇರಿ ಬಹುಪಾಲು ಪೈರನ್ನು ಉಳಿಸಿದರು.

ಕೆಲವು ವಾರಗಳಲ್ಲಿ ಆಟ ತಿರುಗಿತು. ಅಕ್ಕನ ಪೈರು ಹಳದಿಯಾಯಿತು. ಹುಲ್ಲೇ ಕೊಳೆತು ಗೊಬ್ಬರವಾಗುತ್ತದೆಂದು ಅವಳು ಬಿತ್ತುವಾಗ ಒಂದು ಹಿಡಿ ಯೂರಿಯಾವನ್ನೂ ಹಾಕಿರಲಿಲ್ಲ.

“ಗೊಬ್ಬರ ಆಗುತ್ತೆ ಅಕ್ಕಾ, ನಿಧಾನವಾಗಿ ಆಗುತ್ತೆ” ಎಂದ ತಮ್ಮ, ಹಿಗ್ಗನ್ನು ಅದುಮಿಕೊಳ್ಳುತ್ತ. “ಆದ್ರೆ ಜೋಳದ ಹುಲ್ಲು ಕೊಳೀಬೇಕಾದ್ರೆ ಮೊದಲು ಅದೇ ಮಣ್ಣಿನ ಸಾರ ಉಣ್ಣುತ್ತೆ. ನಿನ್ನ ಗೋಧಿ ಎರಡನೇ ಪಂಕ್ತಿ.”

“ಸಾಕು ಸುಮ್ನಿರು” ಎಂದು ಅಕ್ಕ ಸಿಡುಕಿದಳು. ಮನೆಗೆ ಹೋಗಿ ಸರಿಯಾಗಿ ಊಟವನ್ನೂ ಮಾಡಲಿಲ್ಲ.

ಒಣ ನೆಲಕ್ಕೆ ಯೂರಿಯಾ ಚೆಲ್ಲಿ ಪ್ರಯೋಜನವಿರಲಿಲ್ಲ. ಮೋಡ ಕಟ್ಟಿದ ಒಂದು ಸಂಜೆ ಅವಳು ಚೀಲ ಹೊತ್ತು ಹೊಲಕ್ಕೆ ಬಂದರೆ, ತಮ್ಮ ಆಗಲೇ ಅವಳ ಸಾಲುಗಳಲ್ಲಿ ಬಗ್ಗಿ ಗೊಬ್ಬರ ಹಾಕುತ್ತಿದ್ದ. ಅವನದೇ ಅರ್ಧಕ್ಕೆ ಇನ್ನೂ ಕೈ ಹಚ್ಚಿರಲಿಲ್ಲ.

“ಏನೋ, ದಾರಿ ತಪ್ಪಿದ್ಯಾ?”

“ನಾನೆಲ್ಲಿ ಹಾಕಿದೆ? ಗಾಳಿಗೆ ಹಾರಿ ಬಿತ್ತು.”

“ಆಹಾ! ಬುಡದಿಂದ ನಾಲ್ಕು ಬೆರಳು ಬಿಟ್ಟು, ಸಾಲು ಹಿಡಿದು ಬೀಸೋ ಗಾಳಿ!” ಎಂದಳು. ತಾನೂ ಪಕ್ಕದ ಸಾಲಿಗೆ ಬಗ್ಗಿದಳು. ಇಬ್ಬರೂ ಎರಡೂ ಕಡೆ ಮುಗಿಸುವಷ್ಟರಲ್ಲಿ ಹನಿ ಬಿತ್ತು.

ಸುಗ್ಗಿಯಲ್ಲಿ ಅಕ್ಕನ ಅರ್ಧ ತುಸು ಹೆಚ್ಚೇ ಕೊಟ್ಟಿತು. ತೇವದಿಂದ ಎಂದಳು ಅವಳು. ಗಾಳಿಯಿಂದ ಎಂದ ಅವನು. ಗೋಧಿಯ ಬೆನ್ನಿಗೆ ಮುಂಗಾರಿನಲ್ಲಿ ಎರಡೂ ಕಡೆ ಹೆಸರುಕಾಳು ಹಾಕಬೇಕು, ಅದರ ಬೇರಿನ ಗಂಟುಗಳು ನೆಲಕ್ಕೆ ಒಂದಿಷ್ಟು ಸಾರ ಬಿಟ್ಟುಹೋಗಲಿ ಎಂಬುದರಲ್ಲಿ ಮಾತ್ರ ಜಗಳವಿರಲಿಲ್ಲ. ಈ ಸಲ ತನ್ನರ್ಧದ ಕೂಳೆಯನ್ನೂ ಮುಟ್ಟುವುದಿಲ್ಲವೆಂದು ತಮ್ಮ ಒಪ್ಪಿಕೊಂಡ.

ಒಪ್ಪಿಕೊಂಡನೇನೋ ಸರಿ, ಕೈ ಕೇಳಬೇಕಲ್ಲ? ಮರುದಿನ ಗುದ್ದಲಿ ಹಿಡಿದು ಹಿತ್ತಲನ್ನೆಲ್ಲ ಅಗೆದು ನುಣ್ಣಗೆ ಮಾಡಿದ. ಹೆಂಡತಿ ಹಿಂಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಳು.

“ಚೆನ್ನಾಗಿದೆ ರೀ. ನಿನ್ನೆ ತಾನೇ ಅಲ್ಲಿ ಕೊತ್ತಂಬರಿ ಬಿತ್ತಿದ್ದೆ.”