ಬ್ಯಾಡಗಿಯಲ್ಲಿ ಗುಂಡ್ಯಾ ಮಾತಾಡಿದ್ದು

ಹುಲಿಗೇಶನ ಬ್ಯಾನರು ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನ ಎದುರು ಎದ್ದ ದಿನ ಅರ್ಧ ಊರಿಗೆ ಬಿಸಿಲು ಬೀಳಲಿಲ್ಲ. ಅಷ್ಟು ದೊಡ್ಡದು. ಅದರ ನೆರಳಿನಲ್ಲಿ ಹನ್ನೆರಡು ಆಟೋ ನಿಂತವು, ಒಂದು ಎಮ್ಮೆ ಈದಿತು, ಎರಡು ಮನೆಯವರು ಕೂತು ಮದುವೆ ಮಾತು ಮುಗಿಸಿಕೊಂಡು ಎದ್ದರು. ಬ್ಯಾನರಿನಲ್ಲಿ ಹುಲಿಗೇಶ ಮಿಂಚಿನ ಶೇರ್ವಾನಿ ತೊಟ್ಟು ನಿಂತಿದ್ದ. ಬಲಗೈ ಮೇಲೆ ಗುಂಡ್ಯಾ ಎಂಬ ಕಟ್ಟಿಗೆಯ ಗೊಂಬೆ. ಹುಲಿಗೇಶ ತುಟಿ ಅಲ್ಲಾಡಿಸದೆ ಮಾತಾಡುತ್ತಾನೆ, ಗುಂಡ್ಯಾ ಬಾಯಿ ತೆರೆದು ಮುಚ್ಚುತ್ತಾನೆ, ಗೊಂಬೆಯೇ ಮಾತಾಡಿತು ಅಂತ ಜನ ನಂಬಬೇಕು. ಅದು ಅವನ ವಿದ್ಯೆ. ನಂಬಿದವರನ್ನು ಮಾತ್ರ ಇನ್ನೂ ಹುಡುಕುತ್ತಿದ್ದರು.

ಬೆಂಗಳೂರಿನ ಒಂದು ವಿಡಿಯೊ ಕಂಪನಿ ಅವನದೊಂದು ಕಾಮಿಡಿ ಸ್ಪೆಷಲ್ ಮಾಡಲು ಒಪ್ಪಿತ್ತು. ಒಂದು ತಾಸಿನ ಆಟ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಮೂರೂ ಕಡೆ ಶೂಟಿಂಗು. ಕ್ಯಾಮೆರಾ ತಂದ ಅರುಣಾ ಮೇಡಂ ಮೊದಲ ದಿನವೇ ಷರತ್ತು ಹಾಕಿದರು: "ನೋಡಿ ಹುಲಿಗೇಶ್, ಜೋಕ್ ಸಪ್ಪೆಯಾದ್ರೆ ನಾನು ಕತ್ತರಿಸ್ತೀನಿ. ಆದ್ರೆ ಜನ ನಗೋದನ್ನ ನಾನು ಹುಟ್ಟಿಸೋಕಾಗಲ್ಲ. ಮೂರರಲ್ಲಿ ಒಂದು ಕಡೆಯಾದ್ರೂ ಹೊಟ್ಟೆ ಹಿಡ್ಕೊಂಡು ನಗಬೇಕು. ಇಲ್ಲಾಂದ್ರೆ ಸ್ಪೆಷಲ್ಲೇ ಇಲ್ಲ."

"ನೀವು ಆಂಬುಲೆನ್ಸ್ ತಯಾರ ಇಟ್ಕೊಳ್ರಿ ಮೇಡಂ" ಅಂದ ಹುಲಿಗೇಶ. "ನಕ್ಕು ನಕ್ಕು ನಾಕು ಮಂದಿ ಸತ್ತರ ನನ್ನ ಮ್ಯಾಲೆ ಬರಬಾರದು."

ಹಾವೇರಿಯಲ್ಲಿ ಯಾರೂ ಸಾಯಲಿಲ್ಲ. ಹಾಲ್ ತುಂಬ ಕಚೇರಿಯವರು, ಕೋರ್ಟಿನವರು. ಮುಂದಿನ ಸಾಲಿನಲ್ಲಿ ಒಬ್ಬ ದೊಡ್ಡ ಸಾಹೇಬರು. ಆ ಮಂದಿಗೊಂದು ಪದ್ಧತಿಯಿದೆ: ನಗು ಬಂದರೂ ಗಂಟಲಲ್ಲಿ ತಡೆದು ಹಿಡಿದು, ಸಾಹೇಬರ ಮುಖ ನೋಡಿ, ಅಲ್ಲಿ ಮಂಜೂರಾತಿ ಸಿಕ್ಕ ಮೇಲಷ್ಟೇ ಬಿಡುವುದು. ಸಾಹೇಬರೋ ಮೊಬೈಲಿನಲ್ಲಿ ಮುಳುಗಿದ್ದರು.

"ನಮ್ಮ ಮಾಲಕನ ಮನಿ ರೊಟ್ಟಿ ಎಷ್ಟು ಗಟ್ಟಿ ಅಂದ್ರ" ಅಂದ ಗುಂಡ್ಯಾ, "ಕಳ್ಳ ಬಂದಾಂವ ಬಂಗಾರ ಬಿಟ್ಟು ರೊಟ್ಟಿ ಒಯ್ದ, ಮನಿ ಕಟ್ಟಾಕ!"

ನಾಲ್ಕುನೂರು ತಲೆಗಳು ಸಾಹೇಬರ ಕಡೆ ತಿರುಗಿದವು. ಸಾಹೇಬರು ಮೊಬೈಲು ಉಜ್ಜಿದರು. ನಾಲ್ಕುನೂರು ತಲೆಗಳು ವಾಪಸು ಬಂದವು. ಹಿಂದಿನಿಂದ ಚಂದ್ರಪ್ಪ ವಕೀಲರು ಮಾತ್ರ ಗಟ್ಟಿಯಾಗಿ ಅಂದರು: "ಇದು ಸಾಕ್ಷಿ ಇಲ್ಲದ ಕೇಸ್ ಐತಿ. ಮುಂದಿನ ತಾರೀಖು ಕೊಟ್ಟು ಮನಿಗೆ ಬಿಡ್ರಿ."

ತಾಸು ಕಳೆದ ಮೇಲೆ ಸಾಹೇಬರು ತಲೆ ಎತ್ತಿ, "ಇನ್ನೂ ಶುರು ಆಗಿಲ್ಲೇನ್ರಿ?" ಎಂದು ಕೇಳಿ ತಾವೇ ನಕ್ಕರು. ಆಗ ಹಾಲ್ ಸ್ಫೋಟಿಸಿತು. ಆ ನಗುವಿಗೆ ಹೊರಗೆ ಹೆದ್ದಾರಿಯ ಲಾರಿಗಳು ಬ್ರೇಕ್ ಹಾಕಿದವು. ಅರುಣಾ ಮೇಡಂ ಕ್ಯಾಮೆರಾ ಬಂದ್ ಮಾಡಿ ಹತ್ತು ನಿಮಿಷವಾಗಿತ್ತು.

"ಹಾವೇರಿ ಜನಕ್ಕ ನಗು ಸೈತ ಮ್ಯಾಲಿನಿಂದ ಬರಬೇಕು" ಎಂದು ಹುಲಿಗೇಶ ಕಾರಿನಲ್ಲಿ ಬೈದುಕೊಂಡ. "ನಮ್ಮೂರ ನೋಡ್ರಿ ಮೇಡಂ, ನಮ್ಮೂರ!"

ಅವನ ಊರು ರಾಣೆಬೆನ್ನೂರು, ಬೀಜದ ಊರು. ಮುಂದಿನ ಸಾಲಿನಲ್ಲಿ ಬೀಜದಂಗಡಿಯ ಕನಕರಾಜ ಕಾಗದ, ಪೆನ್ನು ಹಿಡಿದು ಕೂತಿದ್ದ. ಪ್ರತಿ ಜೋಕಿಗೆ ಒಂದು ಗೆರೆ, ಯಾರಾದರೂ ನಕ್ಕರೆ ಅದರ ಮೇಲೊಂದು ಚುಕ್ಕೆ. ಒದ್ದೆ ಗೋಣಿಯಲ್ಲಿ ಬೀಜ ಕಟ್ಟಿ ಮೊಳಕೆ ಎಣಿಸುವವನಿಗೆ ಬೇರೆ ಯಾವ ರೀತಿಯೂ ಗೊತ್ತಿರಲಿಲ್ಲ. ಉಳಿದವರು ಹತ್ತಿ ಬೀಜದ ಜಾಹೀರಾತಿನ ಕಾಗದ ಮಡಿಚಿ ಗಾಳಿ ಬೀಸಿಕೊಳ್ಳುತ್ತಿದ್ದರು. ಆಟ ಮುಗಿದಾಗ ಕನಕರಾಜ ಎದ್ದು ನಿಂತ.

"ಹುಲಿಗೇಶಾ, ನೂರು ಬಿತ್ತಿದಿ. ಆರು ನಾಟ್ಯಾವ. ಅದರಾಗ ಎರಡು ಕಳೆ. ಇಂಥಾ ಬೀಜ ನಾ ಮಾರಿದ್ರ ರೈತರು ಅಂಗಡಿ ಶಟರ್ ಕಿತ್ಕೊಂಡ ಹೋಗ್ತಾರ!"

ಇದಕ್ಕೆ ಎಲ್ಲರೂ ನಕ್ಕರು. ಹುಲಿಗೇಶ ನಗಲಿಲ್ಲ.

ರಾತ್ರಿಯೆಲ್ಲ ಯೋಚಿಸಿ ಅವನು ಒಂದು ತೀರ್ಮಾನಕ್ಕೆ ಬಂದ: ತಪ್ಪು ಜೋಕಿನದಲ್ಲ, ಸೆಕೆಯದು. ಬೀಸಿಕೊಳ್ಳುವ ಕೈಗೆ ಚಪ್ಪಾಳೆ ಹೇಗೆ ಬಂದೀತು? ಬ್ಯಾಡಗಿಯ ಆಟಕ್ಕೆ ಆರಾಳೆತ್ತರದ ನಾಲ್ಕು ಫ್ಯಾನು ತರಿಸಿದ. ಆ ಫ್ಯಾನು ಹಚ್ಚಿದರೆ ಆನೆಯೂ ಎರಡು ಹೆಜ್ಜೆ ಹಿಂದೆ ಸರಿಯಬೇಕು.

ಬ್ಯಾಡಗಿಯ ಮೆಣಸಿನಕಾಯಿ ದಲ್ಲಾಳಿ ಮೈಲಾರೆಪ್ಪ ತನ್ನ ಅಂಗಡಿಯ ಹಿಂದಿನ ಶೆಡ್ಡು ಕೊಟ್ಟಿದ್ದ. ಗೋಡೆಗುಂಟ ಕೆಂಪು ಮೆಣಸಿನಕಾಯಿಯ ರಾಶಿ, ನಡುವೆ ಆಟದ ಕಟ್ಟೆ. ಫ್ಯಾನು ನೋಡಿದ್ದೇ ಅವನು ಓಡಿ ಬಂದ.

"ತಮ್ಮಾ, ಮೆಣಸಿನಕಾಯಿ ಇರೋ ಕಡೆ ಯಾರೂ ಫ್ಯಾನ್ ಹಚ್ಚೂದಿಲ್ಲೋ. ಸಣ್ಣ ಮಕ್ಕಳಿಗೂ ಗೊತ್ತೈತಿ."

"ಮೈಲಾರೆಪ್ಪಣ್ಣಾ, ನೀವು ಕಾಯಿ ನೋಡ್ಕೊಳ್ರಿ. ಕಲಾ ನಮಗ ಬಿಡ್ರಿ."

ಪ್ರೇಕ್ಷಕರಾಗಿ ಬಂದವರು ಅಲ್ಲೇ ಕೆಲಸ ಮಾಡುವ ಮುನ್ನೂರು ಹೆಣ್ಣುಮಕ್ಕಳು. ಇಡೀ ದಿನ ಕಾಯಿಯ ತೊಟ್ಟು ಬಿಡಿಸಿ, ಹಾಗೇ ಬಂದು ಕೂತವರು. ಘಾಟು ಹತ್ತಬಾರದೆಂದು ಮೂಗು, ಬಾಯಿಗೆ ಬಟ್ಟೆ ಬಿಗಿದುಕೊಂಡಿದ್ದರು. ಕಾಣುತ್ತಿದ್ದದ್ದು ಬರೀ ಕಣ್ಣು. ಅರುಣಾ ಮೇಡಂ ಕೈಮುಗಿದರು: "ಅಕ್ಕಾ, ಬಟ್ಟೆ ತೆಗೀರಿ, ನಗೋದು ಕಾಣಬೇಕು."

"ನಗು ಬಂದ್ರಲ್ಲೇನ ತಾಯಿ ಕಾಣೂದು" ಎಂದಿತು ಒಂದು ದನಿ. ಯಾರದ್ದೋ ಗೊತ್ತಾಗಲಿಲ್ಲ.

ಆ ಬಟ್ಟೆಯ ಮಹಿಮೆಯೇ ಅದು. ಅದರ ಹಿಂದಿನಿಂದ ಬರುವ ಬೈಗುಳವನ್ನು ಮೈಲಾರೆಪ್ಪ ಮೂವತ್ತು ವರ್ಷಗಳಿಂದ ದಿನಾ ತಿನ್ನುತ್ತಿದ್ದಾನೆ. ಬೈಯುವವರು ಯಾರೆಂದು ಇಂದಿಗೂ ಪತ್ತೆಯಿಲ್ಲ. ಕಣ್ಣು ಕಾಯಿಯ ಮೇಲೆ, ಕೈ ತೊಟ್ಟಿನ ಮೇಲೆ, ಮಾತು ಮಾತ್ರ ಇಡೀ ಶೆಡ್ಡಿನಲ್ಲಿ.

ಹುಲಿಗೇಶ ಶುರು ಮಾಡಿದ. ಗುಂಡ್ಯಾ ರೊಟ್ಟಿಯ ಜೋಕು ಹೇಳಿದ.

"ಗೊಂಬಿ ಬಾಯಿ ಮುಚ್ಚೈತಿ, ಮಾತು ಇನ್ನೂ ಬರಾಕತ್ತೈತಿ" ಎಂದಿತು ದನಿ. "ರೇಡಿಯೊ ನುಂಗ್ಯಾನೇನ ಇಂವ?"

ಮುನ್ನೂರು ಬಟ್ಟೆಗಳು ಅಲುಗಿದವು.

"ಯಾರವರು?" ಎಂದ ಹುಲಿಗೇಶ.

"ಅಯ್ಯ, ಮಾತು ಯಾರದು ಅಂತ ನಮ್ಮನ್ನ ಕೇಳ್ತಾನಲ್ಲವಾ! ಅದು ಅವನ ಉದ್ಯೋಗ ಅಲ್ಲೇನ? ಅವನ ಗಂಟಲ ನೋಡು, ಕಪ್ಪಿ ನುಂಗಿದ ಹಾವಿನಂಗ ಕುಣ್ಯಾಕತ್ತೈತಿ."

ಹುಲಿಗೇಶನ ಬೆನ್ನಿನಲ್ಲಿ ಬೆವರು ಇಳಿಯಿತು. ಮೂರನೆಯ ಊರು, ಕೊನೆಯ ಊರು. ಮೇಡಂ ಗಡಿಯಾರ ನೋಡುತ್ತಿದ್ದರು. ಬಸ್ ಸ್ಟ್ಯಾಂಡಿನ ಎದುರಿನ ಆ ಬ್ಯಾನರು ಅವನ ತಲೆಯ ಮೇಲೆ ಮುರಿದು ಬಿದ್ದಂತಾಯಿತು. ಸೆಕೆ, ಎಲ್ಲಾ ಸೆಕೆ!

"ಫ್ಯಾನ್ ಹಚ್ಚ್ರೋ!" ಎಂದು ಕೂಗಿದ.

ಹಚ್ಚಿದರು. ಒಂದು ಕ್ಷಣ ಶೆಡ್ಡೆಲ್ಲ ತಣ್ಣಗಾಯಿತು. ಮರುಕ್ಷಣ ಕೆಂಪಗಾಯಿತು. ಮೂರು ವರ್ಷದ ಕಾಯಿಯ ಧೂಳು ಎದ್ದು ಮೋಡವಾಗಿ ಕಟ್ಟೆಯ ಮೇಲೆ ಬಂದು ನಿಂತಿತು. ರೈಲ್ವೆ ಸ್ಟೇಷನ್ನಿನಲ್ಲಿ ನಿಂತ ಗಾಡಿ ಕೂಡ ಸೀನಿ ಐದು ನಿಮಿಷ ಮೊದಲೇ ಹೊರಟುಹೋಯಿತು ಎನ್ನುತ್ತಾರೆ. ಮೇಡಂ ಮುಖಕ್ಕೆ ದುಪಟ್ಟಾ ಬಿಗಿದುಕೊಂಡರು. ಹೆಣ್ಣುಮಕ್ಕಳಿಗೆ ಏನೂ ಆಗಲಿಲ್ಲ. ಬಾಯಿ ತೆರೆದಿದ್ದವನು ಒಬ್ಬನೇ.

ಹುಲಿಗೇಶ ಕೆಮ್ಮಿದ. ಕೆಮ್ಮಿದ ಅಂದರೇನು, ಎಂಟು ಊರಿನ ಕೆಮ್ಮು ಅವನೊಬ್ಬನ ಎದೆಯಲ್ಲಿ ಕೂಡಿತು. ಬಾಗಿದ, ಕುಪ್ಪಳಿಸಿದ. ಬಲಗೈ ಗೊಂಬೆಯೊಳಗೆ ಸಿಕ್ಕಿತ್ತು. ಕೈ ನಡುಗಿದಂತೆಲ್ಲ ಗುಂಡ್ಯಾನ ಬಾಯಿ ಪಟಪಟ ಬಡಿದುಕೊಂಡಿತು.

ಆಗ ಗುಂಡ್ಯಾ ಮಾತಾಡಿದ.

"ಅಯ್ಯಯ್ಯೋ, ನಮ್ಮ ಮಾಲಕ ಹೊಂಟ್ನಲ್ರಪೋ! ಅಂವ ಹೋದ್ರ ಹೋಗಲಿ, ಮೊದಲ ನನ್ನ ಹೊಟ್ಟಿಯಾಗಿನ ಕೈ ಕಿತ್ತು ತಗೀರೋ!"

ಗುಂಡ್ಯಾನದೇ ದನಿ, ಅದೇ ಕೀರಲು. ಆದರೆ ಹುಲಿಗೇಶನ ಬಾಯಿಂದ ಕೆಮ್ಮು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ!

"ಆಗಿಂದ ನಮ್ಮನ್ನ ಅಳಿಸಿದಿ, ಈಗ ನೀ ಅಳು. ಮಾಲಕಾ, ಬ್ಯಾಡಗಿ ಕಾಯಿ ಬಣ್ಣಕ್ಕ ಹೆಸರಾದದ್ದೋ, ಖಾರ ಕಡಿಮಿ! ಇದಕ್ಕ ಹಿಂಗ ಕುಣದಿ, ಗುಂಟೂರ ಕಾಯಿ ಇದ್ದಿದ್ರ ಇಷ್ಟೊತ್ತಿಗೆ ನಿನ್ನ ತಿಥಿ ಊಟಾನೂ ಮುಗೀತಿತ್ತು!"

ಮುನ್ನೂರು ಜನ ನಕ್ಕರು. ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಶೆಡ್ಡಿನ ತಗಡು ಎದ್ದು ಎದ್ದು ಕೂತಿತು. ಬಟ್ಟೆಯ ಮೇಲಿನ ಆರುನೂರು ಕಣ್ಣುಗಳಲ್ಲಿ ನೀರು. ಮೇಡಂ ಒಂದೊಂದನ್ನೂ ಬಿಡದೆ ಹಿಡಿದರು.

"ರೇಣುಕವ್ವಾ, ನೀರ ಕೊಡಬೇ ಅವಂಗ!" ಎಂದು ಮೈಲಾರೆಪ್ಪ ಕೂಗಿದ. ಮುಂದಿನ ಸಾಲಿನಿಂದ ಸಣ್ಣ ಮೈಯ ಒಬ್ಬ ಹೆಂಗಸು ತಂಬಿಗೆ ಹಿಡಿದು ಕಟ್ಟೆ ಹತ್ತಿದಳು. ಕಣ್ಣು ನೆಲದಲ್ಲಿ, ತಲೆಯ ಮೇಲೆ ಸೆರಗು, ಎಂಥ ಸಾಧು! ಗುಂಡ್ಯಾ ಇನ್ನೂ ಬೈಯುತ್ತಲೇ ಇದ್ದ. ತಂಬಿಗೆಗೆ ಬಾಯಿ ಹಚ್ಚಿದ ಹುಲಿಗೇಶನಿಗೆ ಒಬ್ಬನಿಗೇ ಕಂಡಿತು: ಒಂದೊಂದು ಬೈಗುಳಕ್ಕೂ ಆಕೆಯ ಬಾಯ ಮೇಲಿನ ಬಟ್ಟೆ ಒಳಗೆ ಹೋಗಿ ಹೊರಗೆ ಬರುತ್ತಿತ್ತು.

ಸ್ಪೆಷಲ್ ಬಂತು. ನೋಡಿದವರೆಲ್ಲ ವಿಡಿಯೊದ ಕೆಳಗೆ ಬರೆದದ್ದು ಒಂದೇ: "ಮೊದಲ ನಲವತ್ತು ನಿಮಿಷ ಓಡಿಸಿಬಿಡಿ, ಕೆಮ್ಮಿನಿಂದ ನೋಡಿ." ಕನಕರಾಜ ಅಂಗಡಿಯಲ್ಲೇ ಕೂತು ನೋಡಿ, "ಇದು ನೂರಕ್ಕ ನೂರು ನಾಟಿತು. ಆದ್ರ ತಳಿ ಬ್ಯಾರೆ ಅನಸ್ತೈತಿ" ಅಂದ. ಹಾವೇರಿಯ ಸಾಹೇಬರು ತಾವೇ ಫೋನು ಮಾಡಿದರು: "ಮುಂದಿನ ರವಿವಾರ ಬರ್ರಿ. ಕೆಮ್ಮಿನ ಐಟಂ ಅಷ್ಟ ಮಾಡ್ರಿ, ಉಳಿದದ್ದು ಬ್ಯಾಡ."

ಹುಲಿಗೇಶ ಎರಡು ದಿನ ಕನ್ನಡಿಯ ಮುಂದೆ ಕೆಮ್ಮಿದ. ಕೆಮ್ಮುತ್ತ ಮಾತಾಡಲು ಹೋದರೆ ಕೆಮ್ಮೂ ಕೆಟ್ಟಿತು, ಮಾತೂ ಕೆಟ್ಟಿತು. ಮೂರನೆಯ ದಿನ ಗುಂಡ್ಯಾನನ್ನು ಕಂಕುಳಲ್ಲಿ ಇಟ್ಟುಕೊಂಡು ಬ್ಯಾಡಗಿ ಬಸ್ಸು ಹತ್ತಿದ.

ಶೆಡ್ಡಿನಲ್ಲಿ ರೇಣುಕವ್ವ ತೊಟ್ಟು ಬಿಡಿಸುತ್ತಿದ್ದಳು. ಸುತ್ತ ಉಳಿದವರು. ಎಲ್ಲರ ಬಾಯಿಗೂ ಬಟ್ಟೆ.

"ರೇಣುಕಕ್ಕಾ" ಎಂದು ಅವನು ಗುಂಡ್ಯಾನನ್ನು ಬಲಗೈಗೆ ಏರಿಸಿಕೊಂಡು ಕುಕ್ಕರಗಾಲಲ್ಲಿ ಕೂತ, "ರವಿವಾರ ಹಾವೇರಿಗೆ ಬರಬೇಕು ನೀವು. ಮುಂದಿನ ಸಾಲಿನ್ಯಾಗ ಸುಮ್ಮನ ಕುಂದರ್ರಿ. ಬ್ಯಾರೆ ಏನೂ ಬ್ಯಾಡ."

ಆಕೆ ತಲೆ ಎತ್ತಲಿಲ್ಲ. "ನಾ ಯಾಕಪಾ? ನನಗ ಮಾತಾಡಾಕ ಬರೂದಿಲ್ಲ. ಕೇಳು ಬೇಕಾದ್ರ ಇವರನ್ನ."

"ಬಾಳ ಸಾದಾ ಹೆಣ್ಮಗಳು" ಎಂದವು ನಾಲ್ಕಾರು ಬಟ್ಟೆಗಳು.

"ನಾ ಕಣ್ಣಾರೆ ನೋಡೇನ್ರಿ ಅಕ್ಕಾ! ನೀವು ಬರಲಿಲ್ಲಂದ್ರ ನನ್ನ ಮಾನ ಹೋಗ್ತೈತಿ. ಗೊಂಬಿ ನಾನ ಹಿಡೀತೀನಿ, ನೀವು ಬರೇ…"

"ಮಾಲಕಾ" ಎಂದಿತು ಆ ಕೀರಲು ದನಿ. ರೇಣುಕವ್ವನ ಕಣ್ಣು ಕಾಯಿಯ ಮೇಲೆಯೇ ಇತ್ತು. "ಹಾವೇರಿಗೆ ನೀ ಒಬ್ಬನ ಹೋಗು. ನನ್ನ ಇಲ್ಲೇ ಬಿಡು. ಇಷ್ಟು ವರ್ಷದಾಗ ಮೊದಲನೇ ಸಲ ನನ್ನ ಬಾಯಿಗೆ ಮಾತು ಕೊಡಾವ್ರು ಸಿಕ್ಕಾರ."

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಹುಲಿಗೇಶ ಕೆಳಗೆ ನೋಡಿಕೊಂಡ. ಅಷ್ಟೂ ಮಾತಿಗೆ ಅವನ ಬಲಗೈ, ಹಳೆಯ ರೂಢಿಯಂತೆ, ಗುಂಡ್ಯಾನ ಬಾಯಿಯನ್ನು ಸರಿಯಾಗಿ ತೆರೆದು ಮುಚ್ಚಿತ್ತು.