ದೋಣಿಯಲ್ಲಿದ್ದ ಡಬ್ಬ

ಚಳ್ಳಕೆರೆಯಲ್ಲಿ ಲಾರಿಗೆ ಬಣ್ಣ ಹೊಡೆಯುವ ಹೊನ್ನೂರಸ್ವಾಮಿ ಎಲ್ಲಿ ಅಂತ ಕೇಳಿದರೆ ಯಾರು ಬೇಕಾದರೂ ದಾರಿ ತೋರಿಸುತ್ತಿದ್ದರು. ಆ ಹೊನ್ನೂರಸ್ವಾಮಿ ನಾನೇ. ಎಣ್ಣೆ ಮಿಲ್ಲಿನ ಲಾರಿಗಳ ಹಿಂದೆ ನಾನು ಬರೆದ ನವಿಲುಗಳು ಬಳ್ಳಾರಿ ದಾಟಿ ಹೋಗಿವೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಆ ಹಾಳು ಜಂಬವೇ ನನ್ನ ಭಾವನನ್ನು ನುಂಗಿತು, ಅದಕ್ಕೆ ಹೇಳುತ್ತಿದ್ದೇನೆ.

ಭಾವ ಮಾರಯ್ಯ, ನನ್ನಕ್ಕ ದುರುಗಕ್ಕನ ಗಂಡ. ಮೊಳಕಾಲ್ಮುರು ಕಡೆಯ ಡ್ಯಾಮಿನಲ್ಲಿ ಮೀನು ಹಿಡಿಯುತ್ತಿದ್ದ. ಮೀನುಗಾರರ ಸಂಘದಿಂದ ಬಂದ ಹಳೇ ಫೈಬರ್ ದೋಣಿ ಅವನದು. ಮುಟ್ಟಿದರೆ ಬಣ್ಣ ಸುಣ್ಣದ ಹಾಗೆ ಕೈಗೆ ಹತ್ತುತ್ತಿತ್ತು. ತಳದಲ್ಲಿ ಮೊಳದುದ್ದದ ಬಿರುಕು. ಅದರಿಂದ ನೀರು ಜಿನುಗುತ್ತಿತ್ತೆಂದು ಅರ್ಧಕ್ಕೆ ಕೊಯ್ದ ಕಡಲೆಕಾಯಿ ಎಣ್ಣೆಯ ಡಬ್ಬವೊಂದು ಯಾವಾಗಲೂ ದೋಣಿಯಲ್ಲೇ ಇರುತ್ತಿತ್ತು. ಸ್ವಲ್ಪ ಬಲೆ ಎಳೆಯುವುದು, ನಾಲ್ಕು ಡಬ್ಬ ನೀರು ಮೊಗೆದು ಚೆಲ್ಲುವುದು, ಮತ್ತೆ ಬಲೆ. ಬಿರುಕು ಕಣ್ಣೆದುರಿಗೇ ಇತ್ತಲ್ಲ, ಹಾಗಾಗಿ ಭಾವ ದಡ ಬಿಟ್ಟು ದೂರ ಹೋಗುತ್ತಿರಲಿಲ್ಲ.

2001ರಲ್ಲಿ ಡ್ಯಾಮಿಗೆ ಚೆನ್ನಾಗಿ ನೀರು ಬಂತು. ದೊಡ್ಡ ಮೀನೆಲ್ಲ ನಡುವಿನ ಮಡುವಿನಲ್ಲಿ. ಅಲ್ಲಿಗೆ ಹೋಗುವ ಮೊದಲು ದೋಣಿ ರಿಪೇರಿಯಾಗಲಿ ಎಂದು ಅಕ್ಕ ಹಟ ಹಿಡಿದಳು. ಮೊಳಕಾಲ್ಮುರಿಗೆ ಯಾರದೋ ಮದುವೆಗೆ ಬಂದಿದ್ದ ಹೊಸಪೇಟೆಯ ಫೈಬರ್ ಮೇಸ್ತ್ರಿಯೊಬ್ಬನನ್ನು ಮನೆಗೇ ಕರೆಸಿದಳು. ಆತ ನಾಣ್ಯದಲ್ಲಿ ತಳವನ್ನೆಲ್ಲ ಕುಟ್ಟಿ ಕೇಳಿದ.

"ಒಳಗೆಲ್ಲಾ ನೀರು ಕುಡಿದೈತೆ ಕಣಮ್ಮ. ಬಿರುಕು ಕೆರೆದು, ಒಣಗ್ಸಿ, ಗಾಜಿನ ನಾರಿನ ಹಾಸು ಹಾಕಿ ಅಂಟಿಸ್ಬೇಕು. ಬಣ್ಣ ಆಮೇಲಿನ ಮಾತು. ಹೊಸಪೇಟೆಗೆ ತಂದ್ಬಿಡ್ರಿ, ಹದಿನೈದು ದಿನದಾಗೆ ಮಾಡಿಕೊಡ್ತೀನಿ."

ಅವತ್ತು ಅಕ್ಕನ ಮನೆಗೆ ಬಂದಿದ್ದ ನಾನು ಅಲ್ಲೇ ಜಗಲಿಯ ಮೇಲೆ ಕೂತಿದ್ದೆ. ನನ್ನೆದುರಿಗೆ ಇನ್ನೊಬ್ಬ ಬಂದು ಬಣ್ಣ ಆಮೇಲಿನ ಮಾತು ಅನ್ನುವುದೆಂದರೆ! ಮೈಯೆಲ್ಲ ಉರಿದುಹೋಯಿತು.

"ಮನೆಯಾಗೆ ಪೇಂಟರ್ ಇಟ್ಕಂಡು ಹೊಸಪೇಟೆಗೆ ಹೊತ್ಕಂಡು ಹೋಗ್ತೀಯಾ ಭಾವ? ಮೂರು ದಿನ ಕೊಡು," ಅಂದೆ.

ಭಾವ ಅಕ್ಕನ ಮುಖ ನೋಡಿದ. ಅಕ್ಕ ನನ್ನ ಮುಖ ನೋಡಿದಳು. "ನಿಂಗೆ ದೋಣಿ ಕೆಲಸ ಬರ್ತೈತೇನೋ ಸ್ವಾಮಿ?" ಎಂದು ಕೇಳಿದಳು. ಲಾರಿಗಿಂತ ದೊಡ್ಡದಾ ನಿನ್ನ ದೋಣಿ ಎಂದು ರೇಗಿದೆ. ಅವಳು ಮೇಸ್ತ್ರಿಯನ್ನು ಕಳಿಸಿಬಿಟ್ಟಳು.

ಅಂಗಳದ ಬೇವಿನ ಮರದಡಿ ದೋಣಿ ಬೋರಲು ಹಾಕಿ ಉಪ್ಪುಕಾಗದದಲ್ಲಿ ಉಜ್ಜಿದೆ. ಲಾರಿಯ ತಗ್ಗಿಗೆ ತುಂಬುವ ಲಪ್ಪವನ್ನೇ, ಅದೇ ಪುಟ್ಟಿಯನ್ನೇ, ಬಿರುಕಿಗೆ ತುಂಬಿದೆ. ಮೇಲೆ ಎರಡು ಕೋಟು ಕೆಂಪು ಎನಾಮೆಲ್, ಅಂಚಿಗೆ ಹಳದಿ ಪಟ್ಟಿ, ಮೂತಿಯ ಎರಡೂ ಕಡೆ ನವಿಲು. ಬಣ್ಣ ಕಲೆಸಲು ಕೈಗೆ ಸಿಕ್ಕಿದ್ದು ಭಾವನ ಆ ಎಣ್ಣೆ ಡಬ್ಬ. ಬಿರುಕು ಎಲ್ಲಿತ್ತೆಂದು ಹುಡುಕಿದರೂ ಕಾಣದ ಹಾಗೆ ಮಾಡಿದೆ. ಓಣಿಯವರೆಲ್ಲ ಬಂದು ನೋಡಿಕೊಂಡು ಹೋದರು. ನಾನು ಉಬ್ಬಿಹೋದೆ.

ನೀರಿಗಿಳಿಸುವ ದಿನ ಭಾವ ಸುತ್ತ ಹುಡುಕಿದ. "ಡಬ್ಬ ಎಲ್ಲೈತೋ ಸ್ವಾಮಿ?"

"ಹಿತ್ತಲಲ್ಲಿ ಎಸೆದೀನಿ. ತುಕ್ಕು ಡಬ್ಬ, ಹೊಸ ಬಣ್ಣನೆಲ್ಲ ಕೆರೆದುಬಿಡ್ತೈತೆ. ಇನ್ನ ಅದ್ಯಾಕೆ ನಿಂಗೆ? ನನ್ನ ಕೆಲಸದ ಮ್ಯಾಲೆ ನಂಬಿಕೆ ಇಲ್ವಾ?"

ಭಾವ ನಕ್ಕು ಹುಟ್ಟು ಕೈಗೆತ್ತಿಕೊಂಡ. ಒಂದು ಹನಿ ನೀರೂ ಒಳಗೆ ಬರಲಿಲ್ಲ. ಅವತ್ತೇ ನಾನು ಚಳ್ಳಕೆರೆ ಬಸ್ಸು ಹತ್ತಿದೆ.

ಹನ್ನೊಂದನೇ ದಿನ ಬೆಳಿಗ್ಗೆ ಅಂಗಡಿ ಪಕ್ಕದ ಎಸ್‌ಟಿಡಿ ಬೂತಿಗೆ ಫೋನ್ ಬಂತು. ಸಂಘದ ಗಾದ್ರಪ್ಪ ಮಾತಾಡಿದ್ದು. "ಬೇಗ ಬಾರಪ್ಪ," ಅಂದ, ಅಷ್ಟೇ.

ನಾನು ಹೋಗುವಷ್ಟರಲ್ಲಿ ಭಾವನನ್ನು ದಡಕ್ಕೆ ತಂದು ಮಲಗಿಸಿದ್ದರು. ಮಡುವಿನ ಹತ್ತಿರ ದೋಣಿಗೆ ನೀರು ತುಂಬಿಕೊಂಡಿತಂತೆ. ಭಾವ ಎರಡೂ ಬೊಗಸೆಯಲ್ಲಿ ನೀರು ಚೆಲ್ಲುತ್ತಿದ್ದದ್ದನ್ನು ಗಾದ್ರಪ್ಪ ದೂರದಿಂದ ನೋಡಿದನಂತೆ. ಗಾದ್ರಪ್ಪ ತನ್ನ ದೋಣಿಯಲ್ಲಿ ಹುಟ್ಟು ಹಾಕಿಕೊಂಡು ಹೋಗುವುದರೊಳಗೆ ಭಾವನ ದೋಣಿ ಮಗುಚಿತ್ತು. ಈಜು ಬರುತ್ತಿತ್ತು ಭಾವನಿಗೆ. ಕಾಲಿಗೆ ಬಲೆ ಸುತ್ತಿಕೊಂಡಿತ್ತು.

ದೋಣಿಯನ್ನೂ ಎಳೆದು ತಂದಿದ್ದರು. ಲಪ್ಪ ನೆನೆದು ಹಿಟ್ಟಾಗಿ ಉದುರಿತ್ತು, ಬಿರುಕು ಬಾಯಿ ಬಿಟ್ಟಿತ್ತು. ನವಿಲುಗಳು ಮಾತ್ರ ಒಂದಿಷ್ಟೂ ಮಾಸಿರಲಿಲ್ಲ. ಅವನ್ನು ಕಂಡು ನನ್ನ ಕೈ ಕಡಿದುಕೊಳ್ಳಬೇಕೆನಿಸಿತು.

ಮಣ್ಣು ಮಾಡಿ ಮನೆಗೆ ಬಂದೆವು. ಅಕ್ಕ ಬೈಯಲಿ, ಚಪ್ಪಲಿಯಲ್ಲಿ ಹೊಡೆಯಲಿ ಎಂದು ಕಾದು ಕೂತೆ. ಅವಳು ಎದ್ದು ಹಿತ್ತಲಿಗೆ ಹೋಗಿ ಡಬ್ಬ ತಂದು ನನ್ನ ಮುಂದಿಟ್ಟಳು. ತಳದಲ್ಲಿ ಕೆಂಪು ಬಣ್ಣ ಒಣಗಿ ಗಟ್ಟಿಯಾಗಿತ್ತು.

"ಎರಡು ದಿನದಿಂದ ಮತ್ತೆ ನೀರು ಬರ್ತಿತ್ತು ಕಣೋ," ಅಂದಳು. "ಡಬ್ಬ ತಗಂಡು ಹೋಗು ಅಂತ ನಾನೇ ಹಿತ್ತಲಿಂದ ತಂದು ಕೊಟ್ಟೆ. ಬ್ಯಾಡ ಬಿಡು, ಬಣ್ಣ ಕೆರೆದ್ರೆ ಸ್ವಾಮಿ ಬೇಜಾರು ಮಾಡ್ಕಂತಾನೆ ಅಂದ."